ಮನಸ್ಸಿಲ್ಲದ ಭಾನುವಾರವೂ ಆರಾಧನೆಗೆ ಹೋಗುವುದೇಕೆ

ಮನೆಯಲ್ಲಿಯೇ ಬೈಬಲ್ ಓದಿ ಪ್ರಾರ್ಥಿಸಬಹುದಾದರೆ ವಾರವಾರವೂ ಚರ್ಚಿಗೆ ಹೋಗುವ ಅಗತ್ಯವೇನು ಎಂದು ಕೇಳುವ ಕ್ರೈಸ್ತರನ್ನು ನಾನು ಆಗಾಗ ಕಾಣುತ್ತೇನೆ. ಅವರಲ್ಲಿ ಹೆಚ್ಚಿನವರು ನಂಬಿಕೆಯನ್ನು ಬಿಟ್ಟವರಲ್ಲ. ದೇವರು ನಾಲ್ಕು ಗೋಡೆಗಳೊಳಗೆ ಮಾತ್ರ ಇರುವವನಲ್ಲ ಎಂಬ ಅವರ ಮಾತೂ ತಪ್ಪಲ್ಲ. ಆದರೆ ಆರಾಧನೆಗೆ ಹೋಗುವುದು ನನಗೆ ಬೇಕಾದದ್ದನ್ನು ಪಡೆಯುವುದಕ್ಕೆ, ಅದು ಬೇರೆಡೆ ದೊರೆತರೆ ಹೋಗಬೇಕಾಗಿಲ್ಲ ಎಂಬ ಎಣಿಕೆಯೊಂದು ಆ ಪ್ರಶ್ನೆಯೊಳಗೆ ಸೇರಿಕೊಂಡಿದೆ. ನನಗೆ ಒಪ್ಪಿಗೆಯಾಗದಿರುವುದು ಅದೇ. ನಾವು ಸಭೆಗೆ ಹೋಗುವುದರಲ್ಲಿ ಅರ್ಧ ಪಾಲು ಬೇರೆಯವರಿಗೆ ಸೇರಿದ್ದು, ಮತ್ತು ಹೋಗಬೇಕೆನಿಸದ ದಿನಗಳಲ್ಲಿಯೂ ಹೋದಾಗಲೇ ಆ ಪಾಲು ಅವರಿಗೆ ಸರಿಯಾಗಿ ಸಲ್ಲುತ್ತದೆ.

ಈ ವಿಷಯ ಬಂದಾಗಲೆಲ್ಲ ಸಭಾಪಾಲಕರು ಇಬ್ರಿಯರಿಗೆ ಬರೆದ ಪತ್ರಿಕೆಯ 10ನೆಯ ಅಧ್ಯಾಯದ 25ನೆಯ ವಚನವನ್ನು ಎತ್ತಿ ಹೇಳುತ್ತಾರೆ, ಬಹುಮಟ್ಟಿಗೆ ಗದರುವ ಧ್ವನಿಯಲ್ಲಿ. ಸಭೆಯಾಗಿ ಕೂಡುವುದನ್ನು ಕೆಲವರು ರೂಢಿಯಾಗಿ ಬಿಟ್ಟುಬಿಟ್ಟಿದ್ದಾರೆ, ನಾವು ಹಾಗೆ ಮಾಡಬಾರದು ಎಂಬ ಮಾತು ಅಲ್ಲಿರುವುದು ನಿಜ. ಆದರೆ ಅದರ ಹಿಂದಿನ ವಚನದಲ್ಲಿ ಒಬ್ಬರನ್ನೊಬ್ಬರು ಪ್ರೀತಿಗೂ ಒಳ್ಳೆಯ ಕಾರ್ಯಗಳಿಗೂ ಪ್ರೇರೇಪಿಸಬೇಕೆಂದಿದೆ. ಅದೇ ಅಧ್ಯಾಯವನ್ನು ಸ್ವಲ್ಪ ಮುಂದೆ ಓದಿದರೆ, ಪತ್ರಿಕೆಯನ್ನು ಪಡೆದವರು ನಂಬಿಕೆಗಾಗಿ ಅವಮಾನವನ್ನು ಅನುಭವಿಸಿ, ಸೊತ್ತನ್ನೂ ಕಳೆದುಕೊಂಡು ದಣಿದವರೆಂಬುದು ತಿಳಿಯುತ್ತದೆ. ಅಂಥವರ ನಡುವಿನಿಂದ ಒಬ್ಬನು ದೂರ ಉಳಿದರೆ ಅವನು ತನಗೆ ಬರಬೇಕಾದುದನ್ನು ಕಳೆದುಕೊಳ್ಳುವುದರ ಜೊತೆಗೆ ಪಕ್ಕದಲ್ಲಿ ಕುಳಿತವನಿಗೆ ತನ್ನಿಂದ ಸಿಗಬೇಕಾಗಿದ್ದ ಧೈರ್ಯವನ್ನೂ ತಪ್ಪಿಸುತ್ತಾನೆ. ಆ ವಚನವನ್ನು ಹಾಜರಿ ಪುಸ್ತಕದಂತೆ ಬಳಸುವವರು ಅದರ ಸುತ್ತಲಿನ ಮಾತುಗಳನ್ನೂ ಓದಿ ಹೇಳಿದರೆ ಒಳ್ಳೆಯದು.

ಆದಿಸಭೆಯವರು ಹೇಗೆ ಕೂಡುತ್ತಿದ್ದರೆಂಬುದಕ್ಕೆ ಕ್ರಿ.ಶ. 155ರ ಸುಮಾರಿಗೆ ಕ್ರೈಸ್ತ ಬರಹಗಾರನಾದ ಜಸ್ಟಿನ್ ಮಾರ್ಟರ್ ರೋಮಿನ ಚಕ್ರವರ್ತಿಯನ್ನು ಉದ್ದೇಶಿಸಿ ತನ್ನ ನಂಬಿಕೆಯ ಪರವಾಗಿ ಬರೆದ ಸಮರ್ಥನೆಯಲ್ಲಿ ಒಂದು ವಿವರಣೆಯಿದೆ. ಭಾನುವಾರ ಪಟ್ಟಣದವರೂ ಹಳ್ಳಿಯವರೂ ಒಂದೇ ಕಡೆ ಸೇರುತ್ತಿದ್ದರು. ಅಪೊಸ್ತಲರ ಬರಹಗಳನ್ನೋ ಪ್ರವಾದಿಗಳ ಗ್ರಂಥಗಳನ್ನೋ ಸಮಯವಿರುವಷ್ಟು ಹೊತ್ತು ಓದಲಾಗುತ್ತಿತ್ತು. ಅಧ್ಯಕ್ಷತೆ ವಹಿಸಿದವನು ಬೋಧಿಸಿದ ಮೇಲೆ ಎಲ್ಲರೂ ಎದ್ದು ನಿಂತು ಪ್ರಾರ್ಥಿಸಿ, ಕರ್ತನ ಭೋಜನ ಅಥವಾ ಪ್ರಭುಭೋಜನವೆನ್ನುವ ರೊಟ್ಟಿಯಲ್ಲಿಯೂ ದ್ರಾಕ್ಷಾರಸದಲ್ಲಿಯೂ ಪಾಲು ತೆಗೆದುಕೊಳ್ಳುತ್ತಿದ್ದರು. ಈ ಕ್ರಮ ಇಂದಿನ ಆರಾಧನೆಗೆ ಎಷ್ಟು ಹತ್ತಿರವಾಗಿದೆ ಎಂದು ಅಚ್ಚರಿಪಡುವವರಿದ್ದಾರೆ. ನನ್ನ ಗಮನವನ್ನು ಹೆಚ್ಚು ಸೆಳೆಯುವುದು ಅನಂತರದ ಎರಡು ವಿವರಗಳು. ಬರಲಾಗದಿದ್ದವರ ಪಾಲನ್ನು ಸಭಾಸೇವಕರು ಅವರಿದ್ದಲ್ಲಿಗೆ ಕೊಂಡೊಯ್ಯುತ್ತಿದ್ದರು. ಕೂಡಿಬಂದ ಕಾಣಿಕೆಯಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರು ಮತ್ತು ಪರಸ್ಥಳದವರಿಗೆ ನೆರವಾಗುತ್ತಿದ್ದರು. ಯಾರು ಬಂದಿಲ್ಲವೆಂಬುದು ಗೊತ್ತಾಗಬೇಕಾದರೆ ಯಾರು ಸಾಮಾನ್ಯವಾಗಿ ಬರುತ್ತಾರೆಂಬುದು ಗೊತ್ತಿರಬೇಕು. ವರ್ಷಕ್ಕೆ ನಾಲ್ಕು ಬಾರಿ ಬರುವವನು ಐದನೆಯ ಬಾರಿ ಬಾರದಿದ್ದರೆ ಯಾರೂ ವಿಚಾರಿಸಿಕೊಂಡು ಹೋಗುವುದಿಲ್ಲ, ಅದರಲ್ಲಿ ಯಾರ ತಪ್ಪೂ ಇಲ್ಲ. ಕ್ರಮವಾಗಿ ಬರುವವಳು ಎರಡು ವಾರ ಕಾಣಿಸದಿದ್ದರೆ, ಅವಳಿಗೆ ಜ್ವರವೋ ದುಃಖವೋ ಇನ್ನೇನೋ ಆಗಿರಬೇಕೆಂದು ಯಾರಾದರೂ ಮನೆಗೆ ಬಂದು ನೋಡುತ್ತಾರೆ. ಹಾಗೆ ನೋಡದ ಸಭೆಯಲ್ಲಿ ಬೇರೇನೋ ಕೊರತೆಯಿದೆ ಎಂದೇ ನಾನು ತಿಳಿಯುತ್ತೇನೆ.

ಆ ಕಾಲದಲ್ಲಿ ಭಾನುವಾರ ರಜೆಯ ದಿನವಾಗಿರಲಿಲ್ಲ ಎಂಬುದನ್ನೂ ನೆನೆಯಬೇಕು. ನ್ಯಾಯಾಲಯಗಳಿಗೂ ಪಟ್ಟಣದ ಕಸುಬುಗಳಿಗೂ ಆ ದಿನ ಬಿಡುವು ಕೊಡುವ ಆಜ್ಞೆಯನ್ನು ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಹೊರಡಿಸಿದ್ದು 321ರಲ್ಲಿ. ಅದಕ್ಕೆ ಸುಮಾರು ಇನ್ನೂರು ವರ್ಷ ಮೊದಲು, ಕ್ರೈಸ್ತರು ಗೊತ್ತಾದ ಒಂದು ದಿನ ಬೆಳಕು ಹರಿಯುವ ಮುನ್ನವೇ ಕೂಡಿ ಕ್ರಿಸ್ತನನ್ನು ಹಾಡಿ ಸ್ತುತಿಸುತ್ತಾರೆಂದು ರೋಮಿನ ರಾಜ್ಯಪಾಲನಾಗಿದ್ದ ಪ್ಲಿನಿ ಚಕ್ರವರ್ತಿ ಟ್ರಾಜನನಿಗೆ ಬರೆದಿದ್ದನು. ಚಕ್ರವರ್ತಿ ಡಯೊಕ್ಲೀಷಿಯನ್ ಕ್ರೈಸ್ತರ ಕೂಟಗಳನ್ನು ನಿಷೇಧಿಸಿದ ಮೇಲೆ, 304ರಲ್ಲಿ, ಉತ್ತರ ಆಫ್ರಿಕಾದ ಅಬಿಟಿನೆಯ ವಿಶ್ವಾಸಿಗಳು ಆರಾಧನೆಗಾಗಿ ಕೂಡಿದ್ದಾಗ ಸೆರೆಸಿಕ್ಕಿ ಕಾರ್ತೇಜಿನಲ್ಲಿ ವಿಚಾರಣೆಗೆ ಗುರಿಯಾದರು. ಅವರಲ್ಲೊಬ್ಬನಾದ ಎಮೆರಿಟಸ್, ಕರ್ತನ ಭೋಜನವಿಲ್ಲದೆ ನಮ್ಮಿಂದ ಇರಲಾಗದು ಎಂಬರ್ಥದ ಉತ್ತರ ಕೊಟ್ಟನೆಂದು ಆ ಹುತಾತ್ಮರ ವೃತ್ತಾಂತ ಹೇಳುತ್ತದೆ. ಇರುವುದೊಂದೇ ರಜಾದಿನ ಎಂದು ಭಾನುವಾರ ಹಾಸಿಗೆ ಬಿಡದವರನ್ನು ನಾಚಿಸಲು ಈ ಪ್ರಸಂಗವನ್ನು ಬಳಸುವುದು ನನಗೆ ಹಿಡಿಸದು, ದಣಿವು ಸುಳ್ಳಲ್ಲವಲ್ಲ. ಆದರೂ ಪ್ರಾಣವನ್ನೇ ಪಣವಾಗಿಟ್ಟವರು ಮನೆಯಲ್ಲಿ ಗುಟ್ಟಾಗಿ, ಒಬ್ಬೊಬ್ಬರೇ ಪ್ರಾರ್ಥಿಸುವ ಸುಲಭದ ದಾರಿಯನ್ನು ಸಾಕೆಂದುಕೊಳ್ಳಲಿಲ್ಲ ಎಂಬುದನ್ನು ಯೋಚಿಸದೆ ಬಿಡಲಾಗದು.

ನಂಬಿಕೆಯೇ ಸಡಿಲವಾದಾಗ ಹೋಗುವುದು ಕಪಟವಾಗುವುದಿಲ್ಲವೇ ಎಂಬ ಪ್ರಶ್ನೆಗೆ ಹೆಚ್ಚು ತೂಕವಿದೆ. ಇದಕ್ಕೆ ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ಬರುವ, ಯೇಸುವಿನ ಶಿಷ್ಯ ತೋಮನನ್ನು ನೋಡಬೇಕು. ಪುನರುತ್ಥಾನದ ದಿನದ ಸಂಜೆ ಶಿಷ್ಯರು ಕೂಡಿದ್ದಾಗ ಅವನು ಅಲ್ಲಿರಲಿಲ್ಲ. ಯೇಸುವನ್ನು ಜೀವಂತವಾಗಿ ಕಂಡೆವೆಂದು ಅವರು ಹೇಳಿದ್ದನ್ನು ನಂಬಲೂ ಇಲ್ಲ. ಆದರೆ ಎಂಟು ದಿನಗಳಾದ ಮೇಲೆ ಶಿಷ್ಯರು ಮತ್ತೆ ಒಳಗಿದ್ದಾಗ ತೋಮನೂ ಅವರೊಂದಿಗಿದ್ದನು. ಆ ವಾರವೆಲ್ಲ ಅವನ ಸಂದೇಹ ಹಾಗೆಯೇ ಇತ್ತು, ಅದನ್ನು ಅವನು ಮುಚ್ಚಿಡಲೂ ಇಲ್ಲ, ಉಳಿದವರು ಅದಕ್ಕಾಗಿ ಅವನನ್ನು ಹೊರಗಿಡಲೂ ಇಲ್ಲ. ನಂಬಿಕೆ ಗಟ್ಟಿಯಾದ ಮೇಲೆ ಬರುತ್ತೇನೆಂದು ಅವನು ದೂರ ಉಳಿದಿದ್ದರೆ ಯೇಸು ಮತ್ತೆ ಕಾಣಿಸಿಕೊಂಡ ಆ ಎರಡನೆಯ ಕೂಟವೂ ಅವನ ಕೈತಪ್ಪುತ್ತಿತ್ತು. ಪ್ರಾರ್ಥಿಸಲು ಬಾಯಿ ಬಾರದ ವಾರಗಳು ಪ್ರತಿಯೊಬ್ಬ ವಿಶ್ವಾಸಿಗೂ ಬರುತ್ತವೆ. ಆಗ ಸುತ್ತಲಿನವರು ಹೇಳುವ ವಿಶ್ವಾಸಪ್ರಮಾಣವನ್ನು ಕೇಳುತ್ತ, ಅವರು ಹಾಡುವ ಕೀರ್ತನೆಯ ನಡುವೆ ಸುಮ್ಮನೆ ನಿಂತಿದ್ದರೂ ಸಾಕಾಗುತ್ತದೆ. ಇನ್ನೊಂದು ವಾರ ನಮ್ಮ ಹಾಡು ಮತ್ತೊಬ್ಬರಿಗೆ ಅದೇ ಆಸರೆಯನ್ನು ಕೊಡುತ್ತಿರಬಹುದು, ನಮಗೆ ಗೊತ್ತೇ ಆಗದಂತೆ.

ಬೋಧಕರ ಪ್ರಸಂಗ ದೀರ್ಘವಾಗಿ ಬೇಸರ ತರುತ್ತದೆ ಎಂಬ ದೂರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೌಲನು ಮಧ್ಯರಾತ್ರಿಯವರೆಗೆ ಮಾತಾಡುತ್ತಿರಲು, ಕಿಟಕಿಯಲ್ಲಿ ಕುಳಿತಿದ್ದ ಯೂತಿಖನೆಂಬ ಯುವಕನು ನಿದ್ರೆ ಹತ್ತಿ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದನೆಂದು ಅಪೊಸ್ತಲರ ಕೃತ್ಯಗಳೇ ಬರೆದಿಟ್ಟಿರುವುದರಿಂದ, ಈ ದೂರು ಸಭೆಯಷ್ಟೇ ಹಳೆಯದು.

2020ರ ಸಾಂಕ್ರಾಮಿಕದ ಬಳಿಕ ಮನೆಯಲ್ಲೇ ಕುಳಿತು ಆನ್‌ಲೈನ್ ಆರಾಧನೆಯನ್ನು ನೋಡುವುದು ಹಲವರಿಗೆ ರೂಢಿಯಾಗಿದೆ. ಹಾಸಿಗೆ ಹಿಡಿದವರಿಗೂ ಅವರನ್ನು ನೋಡಿಕೊಳ್ಳುವವರಿಗೂ ಅದು ದೊಡ್ಡ ಉಪಕಾರ. ಹೋಗಲು ಶಕ್ತರಾದವರಿಗೆ ಅದು ಪರ್ಯಾಯವಾಗಲಾರದು, ಏಕೆಂದರೆ ಅಲ್ಲಿ ನಾವು ಎಲ್ಲರನ್ನೂ ನೋಡಬಹುದೇ ಹೊರತು ನಮ್ಮನ್ನು ಯಾರೂ ನೋಡಲಾರರು. ಇಷ್ಟವಿಲ್ಲದ ಭಾಗವನ್ನು ಹಾರಿಸಬಹುದು, ಮನಸ್ತಾಪವಿರುವವನ ಮುಖ ನೋಡಬೇಕಾಗಿಲ್ಲ. ಬಲಿಪೀಠದ ಬಳಿ ಕಾಣಿಕೆಯನ್ನು ಬಿಟ್ಟು, ಮೊದಲು ಹೋಗಿ ಸಹೋದರನೊಂದಿಗೆ ಒಂದಾಗು ಎಂದು ಯೇಸು ಹೇಳಿದ್ದನ್ನು ಪಾಲಿಸಬೇಕಾದರೆ ಆ ಸಹೋದರನು ಕಣ್ಣಿಗೆ ಬೀಳುವ ಸ್ಥಳದಲ್ಲಿ ನಾವೂ ಇರಬೇಕಾಗುತ್ತದೆ.

ಆರೋಗ್ಯದ ಲಾಭವನ್ನು ಮುಂದಿಡುವವರೂ ಇದ್ದಾರೆ. ಅಮೆರಿಕದ 74,534 ದಾದಿಯರ ಮಾಹಿತಿಯನ್ನು ಆಧರಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವು, ಆರಾಧನೆಗೆ ಎಂದೂ ಹೋಗದವರಿಗಿಂತ ವಾರಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಹೋಗುವವರಲ್ಲಿ, 16 ವರ್ಷಗಳ ಅವಧಿಯಲ್ಲಿ ಸಾವಿನ ಅಪಾಯವು ಶೇಕಡ 33ರಷ್ಟು ಕಡಿಮೆಯಿತ್ತೆಂದು ಕಂಡುಕೊಂಡಿತು. ಇದು ವೀಕ್ಷಣೆಯ ಅಧ್ಯಯನವಾದ್ದರಿಂದ ಕಾರಣವನ್ನು ಖಚಿತವಾಗಿ ಸಾಧಿಸಿ ತೋರಿಸಲಾಗದು. ಅದಿರಲಿ, ಆಯಸ್ಸು ಹೆಚ್ಚಲೆಂದು ಪ್ರಭುಭೋಜನಕ್ಕೆ ಹೋಗುವುದು ನನಗೆ ವಿಚಿತ್ರವಾಗಿ ತೋರುತ್ತದೆ.

ಬಲವಂತದಿಂದ ಇದು ಆಗುವುದಿಲ್ಲ. ಇಂಗ್ಲೆಂಡಿನಲ್ಲಿ 1559ರ ಕಾಯಿದೆಯು ಚರ್ಚಿಗೆ ಬಾರದವರಿಗೆ 12 ಪೆನ್ಸ್ ದಂಡ ವಿಧಿಸಿತ್ತು. ಆಸನಗಳು ತುಂಬಿರಬಹುದು, ಮನಸ್ಸುಗಳು ತುಂಬಿದವೆಂದು ಹೇಳಲಾಗದು. ಅನ್ಯಾಯದೊಂದಿಗೆ ಬೆರೆತ ಹಬ್ಬಕೂಟಗಳನ್ನು ತಾನು ಸಹಿಸಲಾರೆನೆಂದು ದೇವರು ನುಡಿದದ್ದು ಪ್ರವಾದಿ ಯೆಶಾಯನ ಗ್ರಂಥದ ಮೊದಲನೆಯ ಅಧ್ಯಾಯದಲ್ಲಿಯೇ ಇದೆ. ಸಭೆಯೊಳಗೇ ಗಾಯಗೊಂಡು ಹೊರನಡೆದವರ ಬಗ್ಗೆಯಂತೂ ಬಹಳ ಎಚ್ಚರದಿಂದ ಮಾತಾಡಬೇಕು. ತಮ್ಮನ್ನು ನೋಯಿಸಿದ ಜಾಗಕ್ಕೇ ಮರಳಿರೆಂದು ಅವರಿಗೆ ಹೇಳುವ ಹಕ್ಕು ನನಗಿಲ್ಲ. ಬೇರೊಂದು ಸಭೆಯನ್ನು ಹುಡುಕುವುದು ಓಡಿಹೋಗುವುದಲ್ಲ ಎಂದಷ್ಟೇ ಹೇಳಬಲ್ಲೆ.

ಬಹಳ ಕಾಲದ ಮೇಲೆ ಮತ್ತೆ ಹೋಗಬೇಕೆಂದಿರುವವರಿಗೆ ಮನೆಗೆ ಹತ್ತಿರವಿರುವ ಸಭೆಯನ್ನೇ ಆರಿಸಿಕೊಳ್ಳಿರೆಂಬುದು ನನ್ನ ಸಲಹೆ. ಉತ್ತಮ ಸಂಗೀತ, ಹೆಸರಾಂತ ಬೋಧಕರು ಎಂದು ದೂರದ ಚರ್ಚಿಗೆ ಹೋದರೆ ಮಳೆ ಬಂದ ಮೊದಲ ವಾರವೇ ಅದು ತಪ್ಪಿಹೋಗುತ್ತದೆ. ಈಗಾಗಲೇ ಸಭೆಯಲ್ಲಿರುವವರು ಅವರನ್ನು ಕಂಡಾಗ, ಇಷ್ಟು ದಿನ ಎಲ್ಲಿದ್ದಿರಿ ಎಂದು ಕೇಳುವ ಬದಲು ಸ್ವಲ್ಪ ಸರಿದು ಕುಳಿತು ಜಾಗ ಕೊಡಲಿ.