ಜಾವಾದ ಮನೆಗಳಲ್ಲಿ ಆಗುತ್ತಿರುವುದು

ಇಂಡೋನೇಷ್ಯಾದಲ್ಲಿ 700ಕ್ಕೂ ಹೆಚ್ಚು ಭಾಷೆಗಳಿವೆ. ಇಷ್ಟು ಜನರನ್ನು ಒಂದುಗೂಡಿಸೋಕೆ ಒಂದು ಭಾಷೆ ಬೇಕು ಅಂತ 1928ರ ಅಕ್ಟೋಬರ್ 28ರಂದು, ಡಚ್ಚರ ಆಳ್ವಿಕೆ ಇದ್ದಾಗಲೇ, ಅಲ್ಲಿನ ಯುವಕರು ಸಭೆ ಸೇರಿ ಪಣ ತೊಟ್ಟರು. ಜಾವಾ ಭಾಷೆಯನ್ನೇ ಆರಿಸಿಕೊಳ್ಳಬಹುದಿತ್ತು, ಅದನ್ನು ಆಡುವವರೇ ಎಲ್ಲರಿಗಿಂತ ಜಾಸ್ತಿ. ಆದರೂ ಬಂದರುಗಳಲ್ಲಿ ವ್ಯಾಪಾರಕ್ಕೆ ಬಳಸುತ್ತಿದ್ದ ಮಲಯ್ ಭಾಷೆಯನ್ನು ಒಪ್ಪಿಕೊಂಡು, ಅದನ್ನೇ ಇಂಡೋನೇಷಿಯನ್ ಅಂತ ಕರೆದರು. ದೊಡ್ಡ ಸಮುದಾಯದವರು ತಮ್ಮ ಭಾಷೆಯೇ ಆಗಬೇಕು ಅಂತ ಹಟ ಹಿಡಿಯಲಿಲ್ಲ. ನಮ್ಮಲ್ಲಿ ಹಿಂದಿ ಜಗಳ ಎದ್ದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಇವತ್ತು ಅದೇ ಜಾವಾ ಭಾಷೆ ಮನೆಯೊಳಗೆ ಸೊರಗುತ್ತಿದೆ. ಕೋಟಿಗಟ್ಟಲೆ ಜನರ ಭಾಷೆ, ಯಾರೂ ನಿಷೇಧಿಸಿಲ್ಲ, ಪ್ರಾದೇಶಿಕ ಭಾಷೆಗಳನ್ನು ಕಾಪಾಡುವ ಮಾತು ಸಂವಿಧಾನದಲ್ಲೇ ಇದೆ. ಮತ್ತೆ ಯಾಕೆ ಹೀಗೆ? ಆ ಭಾಷೆಯಲ್ಲಿ ಗೆಳೆಯರ ಜೊತೆ ಆಡುವ ಬಗೆ ‘ಙೊಕೊ’, ಹಿರಿಯರ ಮುಂದೆ ಆಡುವ ಬಗೆ ‘ಕ್ರೊಮೊ’. ತಿನ್ನು, ಹೋಗು, ಮಲಗು ಅನ್ನೋದಕ್ಕೂ ಎರಡರಲ್ಲಿ ಬೇರೆ ಬೇರೆ ಪದಗಳು. ಪಟ್ಟಣದಲ್ಲಿ ಬೆಳೆದ ಎಷ್ಟೋ ಮಕ್ಕಳಿಗೆ ಕ್ರೊಮೊ ಸರಿಯಾಗಿ ಬರಲ್ಲ, ಅಜ್ಜನ ಹತ್ತಿರ ಙೊಕೊ ಆಡಿದರೆ ಮರ್ಯಾದೆಗೆಟ್ಟ ಹಾಗೆ, ಸುಮ್ನೆ ಯಾಕೆ ಬೈಸಿಕೊಳ್ಳೋದು ಅಂತ ಇಂಡೋನೇಷಿಯನ್‌ನಲ್ಲೇ ಮಾತಾಡಿಬಿಡುತ್ತವೆ. ಶಾಲೆಗೆ ಅನುಕೂಲ ಅಂತ ಅಪ್ಪ ಅಮ್ಮಂದಿರೂ ಅದನ್ನೇ ಆಡುತ್ತಾರೆ.

ಕೋಟಿಗಟ್ಟಲೆ ಜನ ಇರುವ ಭಾಷೆಗೇ ಹೀಗಾದರೆ ನಮ್ಮ ತುಳು, ಕೊಡವ, ಬ್ಯಾರಿ, ಕೊರಗ ಭಾಷೆಗಳ ಗತಿ ಏನು? 2011ರ ಜನಗಣತಿಯಲ್ಲಿ ತುಳು ಮಾತೃಭಾಷೆ ಅಂದವರು 18 ಲಕ್ಷಕ್ಕೂ ಹೆಚ್ಚು. ಸಂವಿಧಾನದ 8ನೇ ಪರಿಚ್ಛೇದದ 22 ಭಾಷೆಗಳಲ್ಲಿ ಅದಕ್ಕೆ ಜಾಗ ಇಲ್ಲ. ಹಿಂದಿ ಹೇರಬೇಡಿ ಅಂತ ದೆಹಲಿಗೆ ಹೇಳುವ ನಾವು, ಅದೇ ನ್ಯಾಯವನ್ನು ಇವರಿಗೂ ಕೊಡಬೇಕು ಅಲ್ವಾ?

ಇದರಿಂದ ಕನ್ನಡಕ್ಕೆ ನಷ್ಟ ಆಗುತ್ತದೆ ಅನ್ನುವ ಭಯ ನನಗಿಲ್ಲ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದ್ದು ಮರಾಠಿ. ಮನೆಯಲ್ಲಿ ಆ ಭಾಷೆ ಉಳಿಸಿಕೊಂಡೇ ಅವರು ಕನ್ನಡಕ್ಕೆ ಅಷ್ಟು ಕೊಟ್ಟರು.

ತುಳುವನ್ನು ಶಾಲೆಗಳಲ್ಲಿ ಮೂರನೇ ಭಾಷೆಯಾಗಿ ಕಲಿಯೋಕೆ ಅವಕಾಶ ಇದೆ, ಒಳ್ಳೆಯದೇ. ಆದರೆ ಅದು ಶುರುವಾಗೋದು ತೀರಾ ತಡವಾಗಿ. ಅಂಗನವಾಡಿಗೆ ಬರುವ ಮೂರು ವರ್ಷದ ಮಗುವಿನ ಜೊತೆ ಟೀಚರ್ ತುಳುವಿನಲ್ಲೋ ಕೊಡವದಲ್ಲೋ ಮಾತಾಡಲಿ, ಹಾಡು, ಕಥೆ ಅದರಲ್ಲೇ ಹೇಳಲಿ, ಜೊತೆಗೇ ನಿಧಾನವಾಗಿ ಕನ್ನಡವೂ ಬರಲಿ. ಇದಕ್ಕೆ ದೆಹಲಿಯ ಒಪ್ಪಿಗೆಗೆ ಕಾಯಬೇಕಿಲ್ಲ, ಬೆಂಗಳೂರಿನಲ್ಲಿ ಮನಸ್ಸು ಮಾಡಿದರೆ ಸಾಕು.