ಮುರುಗಲು ಕೆಂಪಿನ ಬೆನ್ನು ಹತ್ತಿ

“ನಮ್ಮ ವೆಬ್‌ಸೈಟಿನಲ್ಲಿ ಯಾವ ಬಣ್ಣ ಇದೆಯೋ ಅದೇ ಬರಬೇಕು ತಮ್ಮಾ, ಎಳ್ಳಷ್ಟೂ ಆಚೀಚೆ ಆಗಬಾರದು” ಎಂದು ಶಿರಸಿಯ ಅಕ್ಕ ಫೋನಿನಲ್ಲಿ ಹೇಳಿದಾಗ ಐದು ನಿಮಿಷದ ಕೆಲಸ ಎಂದುಕೊಂಡು ಹೂಂಗುಟ್ಟಿದೆ. ಅವರದು ಮನೆಯಲ್ಲೇ ತಯಾರಾಗುವ ಮುರುಗಲು ಶರಬತ್ತು. ಕರಾವಳಿಯವರು ಪುನರ್ಪುಳಿ ಎನ್ನುವ ಹಣ್ಣು ಅದು. ಬಾಟಲಿಗೆ ಹಚ್ಚುವ ಚೀಟಿಯ ವಿನ್ಯಾಸ ನನ್ನ ಪಾಲಿಗೆ ಬಂದಿತ್ತು. ಶಿವಮೊಗ್ಗದ ನನ್ನ ಪುಟ್ಟ ಅಂಗಡಿಯಲ್ಲಿ ಮದುವೆ ಕರೆಯೋಲೆ, ಗೃಹಪ್ರವೇಶದ ಕಾರ್ಡು, ಇಂಥ ಚೀಟಿಗಳೇ ಹೆಚ್ಚು. ಬಣ್ಣದ ವಿಷಯದಲ್ಲಿ ನಾನು ಪಳಗಿದವನು ಎಂಬ ಜಂಬವೂ ಸ್ವಲ್ಪ ಇತ್ತು.

ಅಕ್ಕ ವಾಟ್ಸ್‌ಆ್ಯಪ್‌ನಲ್ಲಿ ಸ್ಕ್ರೀನ್‌ಶಾಟ್ ಕಳಿಸಿದರು. ‘ಈಗಲೇ ಕೊಳ್ಳಿ’ ಎಂಬ ಗುಂಡಿಯ ಸುತ್ತ ಬೆರಳಿನಿಂದ ಹಳದಿ ಗೆರೆ ಎಳೆದಿದ್ದರು. ಆ ಗುಂಡಿಯ ಬಣ್ಣವೇ ಬೇಕಂತೆ. ಚಿತ್ರವನ್ನು ತೆರೆದು ಬಣ್ಣ ಹೆಕ್ಕುವ ಉಪಕರಣವನ್ನು ಗುಂಡಿಯ ಮೇಲೆ ಇಟ್ಟೆ. ಕೆಂಪು 142, ಹಸಿರು 65, ನೀಲಿ 90 ಎಂದಿತು. ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದೆ, 145, 62, 86. ಅಕ್ಷರದ ಅಂಚಿಗೆ ಹೋದರೆ ತಿಳಿಗುಲಾಬಿ. ಒಂದೇ ಗುಂಡಿ, ಒಂದೇ ಬಣ್ಣ ಎಂದು ಕಣ್ಣು ಹೇಳುತ್ತಿದೆ, ಯಂತ್ರ ಮಾತ್ರ ಹತ್ತು ಬಾರಿ ಕೇಳಿದರೆ ಹತ್ತು ಉತ್ತರ ಕೊಡುತ್ತಿದೆ.

ತಪ್ಪು ಯಂತ್ರದ್ದಲ್ಲ. ವಾಟ್ಸ್‌ಆ್ಯಪ್ ಚಿತ್ರವನ್ನು ಹಿಂಡಿ, ಜೆಪೆಗ್ ಎಂಬ ಚಿಕ್ಕ ಗಾತ್ರದ ಚಿತ್ರಕಡತ ಮಾಡಿ ಕಳಿಸುತ್ತದೆ. ಜೆಪೆಗ್ ಚಿತ್ರವನ್ನು ಎಂಟಕ್ಕೆ ಎಂಟು ಚುಕ್ಕೆಗಳ ಚೌಕಗಳಾಗಿ ಕತ್ತರಿಸಿ, ಕಣ್ಣಿಗೆ ಕಾಣದು ಎಂಬ ಲೆಕ್ಕದಲ್ಲಿ ಒಂದಷ್ಟು ವಿವರವನ್ನು ಬಿಸಾಡುತ್ತದೆ. ಬೆಳಕಿನ ಏರಿಳಿತವನ್ನು ಜೋಪಾನ ಮಾಡುತ್ತದೆ, ಬಣ್ಣಕ್ಕೆ ಅಷ್ಟು ಮರ್ಯಾದೆ ಇಲ್ಲ. ಅದಕ್ಕೇ ಕೆಂಪು ಗುಂಡಿಯ ಮೇಲಿನ ಬಿಳಿ ಅಕ್ಷರದ ಸುತ್ತ ಒದ್ದೆ ಕೈಯಿಂದ ಮುಟ್ಟಿದ ಕುಂಕುಮದಂತೆ ಹರಡಿಕೊಂಡಿರುತ್ತದೆ. ಬಣ್ಣಕ್ಕಾಗಿ ಸ್ಕ್ರೀನ್‌ಶಾಟ್ ಕಳಿಸುವವರಿಗೆ ‘ಡಾಕ್ಯುಮೆಂಟ್’ ಎಂದು ಕಳಿಸಿ ಎಂದು ಈಗ ಮೊದಲೇ ಹೇಳಿಬಿಡುತ್ತೇನೆ, ಹಾಗೆ ಕಳಿಸಿದರೆ ಕಡತ ಇದ್ದ ಹಾಗೆಯೇ ಬರುತ್ತದೆ. ಹೆಕ್ಕುವಾಗಲೂ ಅಂಚು, ಅಕ್ಷರ, ನೆರಳು ಬಿಟ್ಟು ಅಗಲವಾದ ಬಯಲಿನ ನಡುವೆ ಹೆಕ್ಕಬೇಕು.

ಸರಿ, ಮೂಲಕ್ಕೇ ಹೋಗೋಣ ಎಂದು ಕಂಪ್ಯೂಟರಿನಲ್ಲಿ ಅವರ ವೆಬ್‌ಸೈಟನ್ನೇ ತೆರೆದೆ. ವಿಂಡೋಸ್‌ನವರು ಪವರ್‌ಟಾಯ್ಸ್ ಎಂಬ ಮೈಕ್ರೋಸಾಫ್ಟಿನ ಉಚಿತ ಉಪಕರಣಗಳ ಗೊಂಚಲು ಹಾಕಿಕೊಂಡರೆ ವಿಂಡೋಸ್ ಕೀಲಿ, ಶಿಫ್ಟ್, ಸಿ ಮೂರನ್ನೂ ಒಟ್ಟಿಗೆ ಒತ್ತಿದರೆ ಸಾಕು, ಬಾಣದ ತುದಿಯಲ್ಲಿರುವ ಬಣ್ಣ ಎದ್ದು ಬರುತ್ತದೆ. ಮ್ಯಾಕ್‌ನಲ್ಲಿ ಡಿಜಿಟಲ್ ಕಲರ್ ಮೀಟರ್ ಮೊದಲೇ ಇರುತ್ತದೆ, ಆದರೆ ಅದರ ಮೆನುವಿನಲ್ಲಿ ಎಸ್‌ಆರ್‌ಜಿಬಿ, ಅಂದರೆ ವೆಬ್ಬಿನ ಸಾಮಾನ್ಯ ಬಣ್ಣದ ಅಳತೆ, ಆರಿಸಿಕೊಳ್ಳದಿದ್ದರೆ ಅದು ನಿಮ್ಮ ಪರದೆಯ ಸ್ವಂತ ಲೆಕ್ಕ ಒಪ್ಪಿಸುತ್ತದೆ. ನನ್ನದು ವಿಂಡೋಸ್. ಪುಟದ ಸ್ಕ್ರೀನ್‌ಶಾಟನ್ನು ನಾನೇ ತೆಗೆದು ಅದರ ಮೇಲೆ ಹೆಕ್ಕಿದೆ. ಈ ಬಾರಿ ಗುಂಡಿಯ ತುಂಬ ಎಲ್ಲಿ ಇಟ್ಟರೂ ಒಂದೇ ಉತ್ತರ: 143, 64, 88. ಅಬ್ಬಾ ಎಂದುಕೊಂಡು ಚೀಟಿಗೆ ಅದೇ ಬಣ್ಣ ತುಂಬಿ ಮಾದರಿ ಕಳಿಸಿದೆ.

ಅರ್ಧ ಗಂಟೆಯಲ್ಲಿ ಫೋನು ಬಂತು. “ಮಗ ಲ್ಯಾಪ್‌ಟಾಪಿನಲ್ಲಿ ನೋಡಿದ, ಇದು ನಮ್ಮ ಬಣ್ಣವೇ ಅಲ್ಲವಂತೆ. ನಮ್ಮದು ಇನ್ನೂ ಗಾಢ ಅನ್ನುತ್ತಾನೆ. ನನಗೆ ಇದೇ ಸರಿ ಅನ್ನಿಸುತ್ತದಪ್ಪ.”

ಒಂದೇ ಮನೆ, ಒಂದೇ ವೆಬ್‌ಸೈಟು, ತಾಯಿಗೊಂದು ಬಣ್ಣ, ಮಗನಿಗೊಂದು ಬಣ್ಣ. ಪರದೆಯ ದೋಷ ಎಂದು ತಳ್ಳಿಹಾಕಬಹುದಿತ್ತು. ಆದರೆ ನನಗೂ ಹಟ ಬಂತು. ಕ್ರೋಮ್‌ನಲ್ಲಿ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ‘ಇನ್‌ಸ್ಪೆಕ್ಟ್’ ಒತ್ತಿದೆ. ಪಕ್ಕದಲ್ಲಿ ಪುಟದ ಕರುಳೆಲ್ಲ ತೆರೆದುಕೊಳ್ಳುತ್ತದೆ. ಬಣ್ಣ ಬರೆದ ಸಾಲಿನಲ್ಲಿ ಆ ಬಣ್ಣದ್ದೇ ಒಂದು ಪುಟ್ಟ ಚೌಕ ಇರುತ್ತದೆ, ಹುಡುಕುವುದು ಕಷ್ಟವಲ್ಲ. ಅಲ್ಲಿ ಬರೆದಿದ್ದದ್ದು 7ಬಿ1ಇ3ಎ.

ಈ ಸಂಕೇತ ಕಂಡರೆ ಹೆದರುವವರಿಗೆ ಒಂದು ಮಾತು. ಎರಡೆರಡು ಅಕ್ಷರದ ಮೂರು ಜೋಡಿಗಳು ಅಷ್ಟೇ, ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು. ಎಣಿಕೆ ಹತ್ತರ ಬದಲು ಹದಿನಾರರಲ್ಲಿ ನಡೆಯುತ್ತದೆ, 10ಕ್ಕೆ ಎ, 11ಕ್ಕೆ ಬಿ, ಹಾಗೆ 15ಕ್ಕೆ ಎಫ್. 7ಬಿ ಎಂದರೆ ಏಳು ಹದಿನಾರಲಿ 112, ಅದರ ಮೇಲೆ 11, ಒಟ್ಟು 123. ಹೀಗೆಯೇ 1ಇ ಎಂದರೆ 30, 3ಎ ಎಂದರೆ 58. ಪ್ರತಿ ಜೋಡಿಗೂ 0ಯಿಂದ 255ರವರೆಗೆ 256 ಮಟ್ಟ (ಮೂರೂ 255 ಆದರೆ ಬಿಳಿ), ಮೂರನ್ನೂ ಗುಣಿಸಿದರೆ 1,67,77,216 ಬಣ್ಣ. (ಇದನ್ನು ಫೋನಿನಲ್ಲಿ ಮಾತ್ರ ಓದಿ ಹೇಳಬೇಡಿ. ಬಿ, ಡಿ, ಇ ಮೂರೂ ಫೋನಿನಲ್ಲಿ ಒಂದೇ.)

ಹಾಗಾದರೆ ಬರೆದಿರುವುದು 123, 30, 58, ಕಾಣುತ್ತಿರುವುದು 143, 64, 88. ಕೆಳಗೆ ಇನ್ನೂ ಎರಡು ಸಾಲು ಸರಿಸಿದಾಗ ಗುಟ್ಟು ಬಯಲಾಯಿತು. ಒಪಾಸಿಟಿ 0.85. ಅಂದರೆ ಗುಂಡಿಯನ್ನು ಶೇಕಡ 15ರಷ್ಟು ಪಾರದರ್ಶಕ ಮಾಡಿಟ್ಟಿದ್ದಾರೆ, ಹಿಂದಿನ ಬಿಳಿ ಅದರೊಳಗಿಂದ ಇಣುಕುತ್ತಿದೆ. 123ರ ಶೇಕಡ 85, ಬಿಳಿಯ 255ರ ಶೇಕಡ 15, ಎರಡನ್ನೂ ಕೂಡಿದರೆ 142.8. ಪರದೆ ಅದನ್ನು 143 ಮಾಡಿತ್ತು. ಉಳಿದೆರಡೂ ತಾಳೆಯಾದವು. ಗಟ್ಟಿ ಶರಬತ್ತಿಗೆ ನೀರು ಬೆರೆಸಿದಂತೆಯೇ, ಇಲ್ಲಿ ಬೆರೆಸಿದ್ದು ಬಿಳಿ.

ಇನ್ನೂ ಒಂದು ಸಾಲು ಇತ್ತು. ಮೌಸ್ ಗುಂಡಿಯ ಮೇಲೆ ಬಂದಾಗ ಒಪಾಸಿಟಿ 1. ಮಗ ಲ್ಯಾಪ್‌ಟಾಪಿನಲ್ಲಿ ಗುಂಡಿಯ ಮೇಲೆ ಬಾಣ ಇಟ್ಟುಕೊಂಡೇ ನೋಡಿದ್ದಾನೆ, ಅವನಿಗೆ ಪೂರ್ತಿ ಗಾಢ ಬಣ್ಣ. ಅಕ್ಕ ನೋಡುವುದು ಮೊಬೈಲಿನಲ್ಲಿ, ಅಲ್ಲಿ ಮೌಸೇ ಇಲ್ಲ. ತಮ್ಮದೇ ವೆಬ್‌ಸೈಟಿಗೆ ಬರೆದಿಟ್ಟ ಬಣ್ಣವನ್ನು ಆ ಗುಂಡಿಯಲ್ಲಿ ಅವರು ಒಮ್ಮೆಯೂ ಕಂಡಿರಲಿಲ್ಲ!

‘ನಿಖರವಾದ ಬಣ್ಣ’ ಎಂದು ಯಾರಾದರೂ ಕೇಳಿದರೆ ನಾನೀಗ ತಿರುಗಿ ಕೇಳುತ್ತೇನೆ, ಬರೆದಿರುವುದು ಬೇಕೋ, ಕಾಣುವುದು ಬೇಕೋ? ಹೆಕ್ಕುವ ಉಪಕರಣ ಕಂಡದ್ದನ್ನು ಮಾತ್ರ ಹೇಳುತ್ತದೆ, ಇನ್‌ಸ್ಪೆಕ್ಟ್ ಬರೆದದ್ದನ್ನು ಹೇಳುತ್ತದೆ. ಎರಡೂ ಸುಳ್ಳಲ್ಲ. ಮೊಬೈಲ್ ಆ್ಯಪ್ ಆದರೆ ಇಂಥ ಕರುಳು ಬಗೆದು ನೋಡುವ ಸುಲಭದ ದಾರಿ ಇಲ್ಲ, ಸ್ಕ್ರೀನ್‌ಶಾಟಿನಲ್ಲಿ ಕಂಡದ್ದೇ ಗತಿ. ಸಂಕೇತದ ಬದಲು ಹೆಸರು ಬರೆದಿದ್ದರೂ ಹೆಸರನ್ನು ನಂಬಬೇಡಿ. ಅದೇ ಪುಟದ ತಳದಲ್ಲಿ ಅಕ್ಷರಗಳಿಗೆ ‘ಡಾರ್ಕ್‌ಗ್ರೇ’ ಎಂದಿತ್ತು. ವೆಬ್ಬಿನ ಲೆಕ್ಕದಲ್ಲಿ ಬರೀ ಗ್ರೇ 128, ಡಾರ್ಕ್‌ಗ್ರೇ 169. ಡಾರ್ಕ್ ಎನ್ನುವುದೇ ಹೆಚ್ಚು ತಿಳಿ. ಅದಕ್ಕಿಂತ ನಮ್ಮ ಸೀರೆ ಅಂಗಡಿಯವರ ಈರುಳ್ಳಿ ಸಿಪ್ಪೆ, ನಶ್ಯ, ಬದನೆಕಾಯಿ, ನವಿಲುಕತ್ತಿನ ಬಣ್ಣಗಳನ್ನು ಹೆಚ್ಚು ನಂಬುತ್ತೇನೆ. ಒಂದು ಕೋಟಿ ಅರವತ್ತೇಳು ಲಕ್ಷ ಬಣ್ಣಗಳ ನಡುವೆಯೂ ಅಮ್ಮ “ಈರುಳ್ಳಿ ಸಿಪ್ಪೆ” ಎಂದರೆ ಅಂಗಡಿಯವನು ಸರಿಯಾದ ಕಪಾಟಿಗೇ ಕೈ ಹಾಕುತ್ತಾನೆ.

ಕೊನೆಗೆ ಎರಡೂ ಬಣ್ಣದಲ್ಲಿ ಒಂದೊಂದು ಚೀಟಿ ಮುದ್ರಿಸಿ ಬಸ್ಸಿನಲ್ಲಿ ಕಳಿಸಿದೆ. ಪರದೆಯಲ್ಲಿ ಬೆಳಕು ಸೇರಿ ಬಣ್ಣವಾಗುತ್ತದೆ, ಕಾಗದದ ಮೇಲೆ ಶಾಯಿ ಬೆಳಕನ್ನು ನುಂಗಿ ಬಣ್ಣವಾಗುತ್ತದೆ, ಹಾಗಾಗಿ ಮುದ್ರಣದಲ್ಲಿ ಎರಡೂ ಒಂದಿಷ್ಟು ಮಂಕಾಗಿದ್ದವು. ಅಕ್ಕ ಎರಡನ್ನೂ ತುಂಬಿದ ಬಾಟಲಿಗೆ ಒತ್ತಿ ಹಿಡಿದು, ಅಂಗಳಕ್ಕೆ ಹೋಗಿ ಬಿಸಿಲಿನಲ್ಲಿ ನೋಡಿದರಂತೆ. ಆರಿಸಿದ್ದು ಗಾಢವಾದದ್ದನ್ನು. “ಮುರುಗಲು ಅಂದರೆ ಇದು. ಇನ್ನೊಂದು ನೀರು ಹೆಚ್ಚಾದ ಹಾಗಿದೆ” ಎಂದರು. ಒಪಾಸಿಟಿಯ ಸುದ್ದಿಯನ್ನು ನಾನು ಅವರಿಗೆ ಹೇಳಿಯೇ ಇರಲಿಲ್ಲ.

ಮೊನ್ನೆ ಅಪ್ಪೆಮಿಡಿ ಉಪ್ಪಿನಕಾಯಿಯ ಚೀಟಿಗೆ ಕರೆ ಬಂತು. ಈ ಬಾರಿ ವೆಬ್‌ಸೈಟಿನಲ್ಲಿರುವ ಹಸಿರೇ ಬೇಕಂತೆ. ಇಡೀ ಪುಟ ಜಾಲಾಡಿದೆ, ಎಲ್ಲೂ ಹಸಿರಿನ ಸಂಕೇತವೇ ಇಲ್ಲ. ಇರುವುದು ಮೇಲ್ಗಡೆ ಒಂದು ಫೋಟೊ, ಮಳೆಯಲ್ಲಿ ನೆನೆದ ಮಾವಿನ ಮರ, ಅದರ ತುಂಬ ಎಲೆ.