ಯಾರೂ ಹೋಗದ ಶೌಚಾಲಯ

ನಮ್ಮ ಮಹಡಿಯ ಮಹಿಳೆಯರ ಶೌಚಾಲಯದಲ್ಲಿ ಕಮೋಡ್ ಕಟ್ಟಿಕೊಂಡಿದೆ ಎಂಬ ದೂರು ತಂದವರಲ್ಲಿ ಒಬ್ಬರೂ ಅಲ್ಲಿಗೆ ಹೋದವರಲ್ಲ. ಮೊದಲು ಬಂದವರು, "ನಾನು ನೋಡಿಲ್ಲ, ಯಾರೋ ಹೇಳುತ್ತಿದ್ದರು" ಎಂದರು. ಅವರ ಬೆನ್ನಿಗೇ ಬಂದವರು, "ನಾನು ಕೈ ತೊಳೆಯಲು ಹೋಗಿದ್ದೆ, ಅಷ್ಟೇ" ಎಂದರು. ಮತ್ತೊಬ್ಬರು ಬಾಯಿ ಬಿಡದೆ, ಆ ಕಡೆಗೆ ಗಲ್ಲ ತಿರುಗಿಸಿ, ಹುಬ್ಬೇರಿಸಿ ಹೋದರು. ಹೀಗೆ ಯಾರೂ ಹೋಗದ ಶೌಚಾಲಯ ಬೆಳಗಿನ ಹನ್ನೊಂದಕ್ಕೆಲ್ಲ ತುಂಬಿ ನಿಂತಿತ್ತು.

ನಾನು ಆಡಳಿತ ವಿಭಾಗದವಳು. ಕುರ್ಚಿಯ ಚಕ್ರ, ಟ್ಯೂಬ್‌ಲೈಟ್, ನಲ್ಲಿಯ ವಾಷರ್, ಬಾಗಿಲ ಚಿಲಕ, ನೌಕರರ ಗುರುತಿನ ಚೀಟಿ ಎಲ್ಲವೂ ನನ್ನ ಪಾಲಿಗೆ. ಕಚೇರಿಯಲ್ಲಿ ಕೆಟ್ಟದ್ದೆಲ್ಲ ನನ್ನದು, ಸರಿಯಾಗಿರುವುದು ಉಳಿದವರದು.

ಹೋಗಿ ನೋಡಿದೆ. ಮೂರು ಕೋಣೆಗಳ ಪೈಕಿ ಎರಡರಲ್ಲಿ ನೀರು ಕಮೋಡಿನ ಅಂಚಿಗೆ ಬಂದಿತ್ತು. ಅಲ್ಲಿ ನಡೆದದ್ದನ್ನು ಊಹಿಸುವುದು ಕಷ್ಟವಾಗಿರಲಿಲ್ಲ. ಯಾರೋ ಫ್ಲಶ್ ಮಾಡಿದ್ದಾರೆ, ನೀರು ಇಳಿದಿಲ್ಲ. ಗಾಬರಿಯಲ್ಲಿ ಮತ್ತೊಮ್ಮೆ ಗುಂಡಿ ಒತ್ತಿದ್ದಾರೆ, ನೀರು ಇನ್ನಷ್ಟು ಮೇಲೇರಿದೆ. ಮುಚ್ಚಳ ಹಾಕಿ ಹೊರಟುಹೋಗಿದ್ದಾರೆ. ಆಮೇಲೆ ಬಂದವರು ಮುಚ್ಚಳ ಎತ್ತಿ ನೋಡಿ, ಹಾಗೆಯೇ ಇಳಿಸಿ, ಪಕ್ಕದ ಕೋಣೆಗೆ ದಾಟಿದ್ದಾರೆ. ಕಟ್ಟಿಕೊಂಡ ಕಮೋಡಿಗೆ ಎರಡನೆಯ ಸಲ ಫ್ಲಶ್ ಮಾಡುವುದರಷ್ಟು ದೊಡ್ಡ ಅನಾಹುತ ಇನ್ನೊಂದಿಲ್ಲ. ಮುಂದಕ್ಕೆ ದಾರಿಯಿಲ್ಲದ ನೀರು ನೆಲಕ್ಕೇ ಬರಬೇಕು. ಇದು ಎಲ್ಲರಿಗೂ ಗೊತ್ತು, ಆದರೂ ಆ ಕ್ಷಣದಲ್ಲಿ ಕೈ ತಡೆಯುವುದಿಲ್ಲ. ಕುರುಹು ಅಳಿಸಿ ಅಲ್ಲಿಂದ ಪಾರಾಗುವ ಆತುರವೇ ಹಾಗೆ.

ಎರಡು ಬಾಗಿಲುಗಳಿಗೆ 'ಬಳಸಬೇಡಿ' ಎಂಬ ಹಾಳೆ ಅಂಟಿಸಿ ಪ್ಲಂಬರ್‌ಗೆ ಫೋನ್ ಮಾಡಿದೆ. ಅವರು ಬರುವುದು ಮಧ್ಯಾಹ್ನಕ್ಕೆ ಎಂದಾಯಿತು. ಅಲ್ಲಿಯವರೆಗೆ ಇಡೀ ಮಹಡಿಗೆ ಉಳಿದದ್ದು ಒಂದೇ ಕೋಣೆ.

ಒಟ್ಟಿಗೆ ಕೆಲಸ ಮಾಡುವವರ ನಡತೆಯನ್ನು ತಿಳಿಯಬೇಕಾದರೆ ಸಭೆಯಲ್ಲಿ ನೋಡಬಾರದು, ಒಂದೇ ಶೌಚಾಲಯದ ಮುಂದಿನ ಸಾಲಿನಲ್ಲಿ ನೋಡಬೇಕು. ಕೆಲವರು ಬಾಗಿಲಿಗೆ ಮೂಗು ತಾಗುವಷ್ಟು ಹತ್ತಿರ ನಿಂತರು. ಕೆಲವರು ಹಿಂದೆ ಸರಿದು ಬೇಸಿನ್ ಬಳಿ ನಿಂತು, ತಲೆಗೂದಲು ಸರಿಪಡಿಸುವ ನೆಪದಲ್ಲಿ ಕನ್ನಡಿ ನೋಡಿಕೊಂಡರು. ನನಗೆ ಎರಡನೆಯವರ ಮೇಲೆ ಗೌರವ ಹೆಚ್ಚಾಯಿತು. ಒಳಗಿದ್ದವರಿಗೆ ಬಾಗಿಲಿನ ಕೆಳಗಿನ ಸಂದಿಯಲ್ಲಿ ಚಪ್ಪಲಿಗಳು ಕಾಣಿಸುತ್ತವೆ ಎಂಬುದು ಅವರಿಗೆ ನೆನಪಿತ್ತು. ಇನ್ನು ಬಾಗಿಲು ತಟ್ಟುವ ವಿಷಯ. ಮೆಲ್ಲಗೆ ಒಮ್ಮೆ ತಟ್ಟಿದರೆ ಒಳಗೆ ಯಾರಾದರೂ ಇದ್ದಾರೆಯೇ ಎಂದು ಕೇಳಿದ ಹಾಗೆ. ಉತ್ತರ ಬಂದ ಮೇಲೂ ತಟ್ಟಿದರೆ ಅದು ಬೈಗುಳ.

ಅಷ್ಟರಲ್ಲಿ ಒಳಗಿನಿಂದ ಮಾತು ಕೇಳಿಸತೊಡಗಿತು. "ಹೌದು ಸರ್, ಪಟ್ಟಿ ಸಿದ್ಧವಾಗಿದೆ. ಇಲ್ಲ ಸರ್, ಮೇಜಿನ ಹತ್ತಿರವೇ ಇದ್ದೇನೆ." ಹೊರಗಿದ್ದವರು ಮುಖ ಮುಖ ನೋಡಿಕೊಂಡೆವು. ಒಬ್ಬಳು ನಲ್ಲಿ ತಿರುಗಿಸಲು ಕೈ ಚಾಚಿದವಳು, ನೀರಿನ ಸದ್ದು ಆ 'ಸರ್'ಗೆ ಕೇಳಿಸೀತೆಂದು ಕೈ ಹಿಂದಕ್ಕೆ ತೆಗೆದುಕೊಂಡಳು. ಯಾರದೋ ಸುಳ್ಳನ್ನು ಕಾಪಾಡಲು ಅಷ್ಟೂ ಜನ ಉಸಿರು ಬಿಗಿಹಿಡಿದು ನಿಲ್ಲಬೇಕಾಯಿತು. ಶೌಚಾಲಯದಲ್ಲಿ ಫೋನಿನಲ್ಲಿ ಮಾತನಾಡುವವರ ಬಗ್ಗೆ ನನಗೆ ತಾಳ್ಮೆಯಿಲ್ಲ. ತಮ್ಮ ಮಾನವನ್ನು ಅವರು ಏನಾದರೂ ಮಾಡಿಕೊಳ್ಳಲಿ, ಪಕ್ಕದ ಕೋಣೆಯವರ ಸದ್ದನ್ನೂ ದೂರದ ಕಿವಿಗೆ ದಾಟಿಸುವ ಹಕ್ಕು ಅವರಿಗಿಲ್ಲ.

ಅವರು ಹೊರಬಂದ ಮೇಲೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಒಳಗೆ ಹೋದಳು. ಸ್ವಲ್ಪ ತಡವಾಯಿತು. ಬಾಗಿಲು ತೆರೆದು ಸಾಲನ್ನು ಕಂಡು ತಲೆ ತಗ್ಗಿಸಿದಳು. "ಏನಮ್ಮ, ಒಳಗೇ ಸಂಸಾರ ಹೂಡಿದೆಯಾ?" ಎಂದು ಯಾರೋ ನಕ್ಕರು. ಕೆಟ್ಟ ಉದ್ದೇಶದ ಮಾತಲ್ಲ. ಆದರೆ ಆ ಹುಡುಗಿ ಕೈಯನ್ನೂ ಸರಿಯಾಗಿ ತೊಳೆಯದೆ ಹೊರಟುಹೋದಳು. ಮಧ್ಯಾಹ್ನ ಅವಳು ಮೆಟ್ಟಿಲಿಳಿದು ಕೆಳಗಿನ ಮಹಡಿಗೆ ಹೋಗುವುದು ಕಂಡಿತು.

ಸುತ್ತ ಜನರಿದ್ದರೆ ಆಗುವುದೇ ಇಲ್ಲ ಎನ್ನುವವರು ಎಲ್ಲ ಕಚೇರಿಗಳಲ್ಲೂ ಇರುತ್ತಾರೆ. ಅದು ನಾಜೂಕಿನ ಸೋಗಲ್ಲ, ದೇಹದ ಮಾತು. ಅಮೆರಿಕದ ಮೂವರು ಮನೋವಿಜ್ಞಾನಿಗಳು ವಿಶ್ವವಿದ್ಯಾಲಯವೊಂದರ ಪುರುಷರ ಶೌಚಾಲಯದಲ್ಲಿ ಪ್ರಯೋಗ ನಡೆಸಿ 1976ರಲ್ಲಿ ವರದಿ ಪ್ರಕಟಿಸಿದ್ದರು. ಮೂತ್ರಕ್ಕೆ ನಿಂತವನ ಹತ್ತಿರ ಯಾರೂ ಇಲ್ಲದಿದ್ದಾಗ ಮೂತ್ರ ಆರಂಭವಾಗಲು ಸರಾಸರಿ 4.9 ಸೆಕೆಂಡು ಹಿಡಿದರೆ, ಅಪರಿಚಿತನೊಬ್ಬ ಮಗ್ಗುಲಲ್ಲೇ ಬಂದು ನಿಂತಾಗ 8.4 ಸೆಕೆಂಡು ಹಿಡಿದಿತ್ತು. ಇದನ್ನು ಅಳೆದ ರೀತಿ ಮಾತ್ರ ವಿಚಿತ್ರ. ಪಕ್ಕದ ಕೋಣೆಯಲ್ಲಿ ಕುಳಿತ ವೀಕ್ಷಕ, ಪುಸ್ತಕಗಳ ನಡುವೆ ಅಡಗಿಸಿದ ಪೆರಿಸ್ಕೋಪಿನಿಂದ ಇಣುಕಿ ನೋಡಿ ಸಮಯ ಗುರುತು ಹಾಕಿಕೊಳ್ಳುತ್ತಿದ್ದ. ನಿಂತವರಿಗೆ ಅದರ ಸುಳಿವೂ ಇರಲಿಲ್ಲ. ಪಕ್ಕದಲ್ಲಿ ಒಬ್ಬ ನಿಂತರೂ ಮನುಷ್ಯನಿಗೆ ಕಸಿವಿಸಿಯಾಗುತ್ತದೆ ಎಂದು ತೋರಿಸಲು ಹೋದವರು ತಾವೇ ಕದ್ದು ನೋಡಿದರು. ಆ ಪ್ರಯೋಗ ನೈತಿಕವೇ ಎಂದು ಬೇರೆ ವಿದ್ವಾಂಸರು ಆಗಲೇ ತಕರಾರು ಎತ್ತಿದ್ದರು. ಈ ಪೆರಿಸ್ಕೋಪಿನ ಕಥೆ ಸಂಜೆಯ ಸಭೆಯಲ್ಲಿ ನನ್ನ ಕೆಲಸಕ್ಕೆ ಬಂತು.

ಪ್ಲಂಬರ್ ಬಂದರು. ಮಾತು ಕಡಿಮೆ, ಕೈ ಚುರುಕು. ಉದ್ದನೆಯ ಸುರುಳಿ ತಂತಿಯನ್ನು ಕಮೋಡಿನೊಳಕ್ಕೆ ಇಳಿಸಿ, ಹಿಡಿಯನ್ನು ತಿರುಗಿಸುತ್ತ ಕಿವಿಗೊಟ್ಟು ಕೇಳಿದರು. ಕಮೋಡಿನ ಹಿಂದೆ ಕೊಳವೆ ಬಾಗಿರುತ್ತದೆ. ಆ ಬಾಗಿನಲ್ಲಿ ಸದಾ ನಿಲ್ಲುವ ನೀರೇ ಚರಂಡಿಯ ವಾಸನೆ ಮೇಲೆ ಬಾರದಂತೆ ತಡೆಯುವುದು. ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕ 1775ರಲ್ಲಿ ಪೇಟೆಂಟ್ ಪಡೆದ ಆ ಉಪಾಯದ ಮೇಲೆಯೇ ಇಂದಿನ ನಮ್ಮ ಕಚೇರಿಗಳ ಮರ್ಯಾದೆ ನಿಂತಿದೆ. ವಾಸನೆಯನ್ನು ತಡೆಯುವ ಬಾಗೇ ಬೇಡದ ವಸ್ತುಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ತಂತಿಯ ತುದಿಗೆ ಸಿಕ್ಕಿ ಬಂದದ್ದು ಪ್ಯಾಡ್, ಅದರ ಸುತ್ತ ಜಡೆಗಟ್ಟಿದ ಒದ್ದೆ ವೈಪ್‌ಗಳು. ಪ್ಯಾಡಿನೊಳಗೆ ನೀರು ಹೀರಿ ಉಬ್ಬುವ ಪದಾರ್ಥ ಇರುತ್ತದೆ. ಹೀರುವುದೇ ಅದರ ಕೆಲಸ, ಕೊಳವೆಯಲ್ಲಿಯೂ ಅದನ್ನೇ ಮಾಡಿತ್ತು. ಅಂಗೈಯಗಲದ ವಸ್ತು ಈಗ ಪುಟ್ಟ ದಿಂಬಿನಂತಿತ್ತು.

"ವೈಪ್ ಪೊಟ್ಟಣದ ಮೇಲೆ ಫ್ಲಶ್ ಮಾಡಬಹುದು ಎಂದು ಬರೆದಿರುತ್ತದಲ್ಲ?" ಎಂದು ಕೇಳಿದೆ.

ಅವರು ಉತ್ತರ ಕೊಡಲಿಲ್ಲ. ಕುಡಿಯುವ ನೀರಿನ ಎರಡು ಖಾಲಿ ಬಾಟಲಿ ತರಿಸಿದರು. ಅರ್ಧರ್ಧ ನೀರು ತುಂಬಿ, ಒಂದಕ್ಕೆ ಟಾಯ್ಲೆಟ್ ಪೇಪರಿನ ತುಂಡು, ಇನ್ನೊಂದಕ್ಕೆ ಬಳಸದ ಹೊಸ ವೈಪ್ ತುರುಕಿ, ಎರಡನ್ನೂ ಚೆನ್ನಾಗಿ ಕುಲುಕಿ ನನ್ನ ಕೈಗಿತ್ತರು. ಪೇಪರ್ ಹರಿದು ಚೂರುಚೂರಾಗಿ ನೀರಿನಲ್ಲಿ ತೇಲುತ್ತಿತ್ತು. ವೈಪ್ ಮಾತ್ರ ಮಡಿಕೆ ಬಿಚ್ಚಿಕೊಂಡು, ಒಗೆದು ಒಣಹಾಕುವಷ್ಟು ಗಟ್ಟಿಯಾಗಿ ಉಳಿದಿತ್ತು. "ಬಾಟಲಿಯಲ್ಲಿ ಕರಗದ್ದು ಪೈಪಿನಲ್ಲಿ ಹೇಗೆ ಕರಗುತ್ತದೆ ಮೇಡಂ?" ಎಂದರು. ಎರಡೂ ಬಾಟಲಿಗಳನ್ನು ನನ್ನ ಮೇಜಿನ ಮೇಲೆ ಇಟ್ಟುಕೊಂಡೆ. ನನ್ನ ಎಷ್ಟೋ ಇಮೇಲ್‌ಗಳಿಗೆ ಸಿಗದ ಗಮನ ಅವುಗಳಿಗೆ ಸಿಕ್ಕಿತು.

ಅವರು ಹೋದ ಮೇಲೆ ನೆಲ ತೊಳೆಯುವ ಸರದಿ. ನಮ್ಮ ಮಹಡಿಯನ್ನು ಶುಚಿ ಮಾಡುವವರನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತೇವೆ. ವಾಸನೆ ಹೋಗಲಿ ಎಂದು ವ್ಯವಸ್ಥಾಪಕರು ಬಾಗಿಲಲ್ಲೇ ನಿಂತು, "ಆಸಿಡ್ ಸುರಿಯಿರಿ, ಮೇಲೆ ಬ್ಲೀಚ್ ಕೂಡ ಹಾಕಿಬಿಡಿ" ಎಂದರು. ಅಕ್ಕ ಆಗಲೇ ಒಂದು ಬಾಟಲಿಯನ್ನು ಹಿಂದಕ್ಕೆ ಇಟ್ಟಿದ್ದರು. ಆಸಿಡ್ ಬೆರೆತರೆ ಬ್ಲೀಚಿನಿಂದ ಕ್ಲೋರಿನ್ ಅನಿಲ ಏಳುತ್ತದೆ, ಗಾಳಿಯಾಡದ ಸಣ್ಣ ಕೋಣೆಯಲ್ಲಿ ಅದು ಪ್ರಾಣಕ್ಕೇ ಕುತ್ತು. "ಎರಡನ್ನೂ ಸೇರಿಸಬಾರದು ಸರ್, ಕಣ್ಣು ಉರಿದು ಉಸಿರು ಕಟ್ಟುತ್ತದೆ" ಎಂದು ಅಕ್ಕ ಮೆಲ್ಲಗೆ ಹೇಳಿದರು. ಸರ್ ಮೂಗು ಮುಚ್ಚಿಕೊಂಡು ಒಪ್ಪಿದರು.

ಇಬ್ಬರೇ ಉಳಿದಾಗ ಕೇಳಿದೆ: "ಇದು ಯಾರ ಕೆಲಸ ಎಂದು ನಿಮಗೆ ಗೊತ್ತಾಗುತ್ತದೆಯೇ ಅಕ್ಕ?"

ಮಾಪ್ ಹಿಂಡುತ್ತ ನಕ್ಕರು. "ಗೊತ್ತಾಗದೆ ಏನು ಮೇಡಂ? ಯಾರು ಯಾವ ಹೊತ್ತಿಗೆ ಬರುತ್ತಾರೆ, ಯಾರ ಚಪ್ಪಲಿ ಯಾವುದು, ಯಾರು ಸೀಟು ಒರೆಸಿ ಹೋಗುತ್ತಾರೆ, ಯಾರು ಹಾಗೇ ಬಿಟ್ಟು ಹೋಗುತ್ತಾರೆ ಎಲ್ಲ ಗೊತ್ತು. ಆದರೆ ನಾನು ಬಾಯಿ ಬಿಟ್ಟರೆ ಅವರು ನಾಳೆ ನನ್ನೆದುರು ಹೇಗೆ ಓಡಾಡಬೇಕು?" ಆಮೇಲೆ ಒಂದು ಮಾತು ಸೇರಿಸಿದರು: "ಬುಟ್ಟಿಯನ್ನು ಹೊರಗಿಟ್ಟರೆ ಇನ್ನೇನಾಗುತ್ತದೆ?"

ಬುಟ್ಟಿಯಿದ್ದದ್ದು ಬೇಸಿನ್ ಪಕ್ಕ. ಕಸ ಎತ್ತಲು ಸುಲಭವೆಂದು ಗುತ್ತಿಗೆದಾರರು ಕೋಣೆಗಳ ಒಳಗಿದ್ದ ಬುಟ್ಟಿಗಳನ್ನು ತೆಗೆದು, ಎಲ್ಲಕ್ಕೂ ಸೇರಿ ದೊಡ್ಡದೊಂದನ್ನು ಹೊರಗೆ ಇಟ್ಟಿದ್ದರು. ಅಂದರೆ ಒಳಗೆ ಬದಲಾಯಿಸಿದ ಪ್ಯಾಡನ್ನು ಕಾಗದದಲ್ಲಿ ಸುತ್ತಿ, ಬಾಗಿಲು ತೆರೆದು, ಕನ್ನಡಿ ಮುಂದೆ ನಿಂತ ಸಹೋದ್ಯೋಗಿಗಳನ್ನು ದಾಟಿ, ಎಲ್ಲರ ಕಣ್ಣೆದುರು ಬುಟ್ಟಿಗೆ ಹಾಕಬೇಕು. ಬೆಳಗ್ಗೆ ಬರಿಗೈಯಲ್ಲಿ ಹೊರಬಂದ ಆ ಹುಡುಗಿಗೇ ತಲೆ ಎತ್ತಲಾಗಲಿಲ್ಲ. ಕೈಯಲ್ಲಿ ಪೊಟ್ಟಣವಿದ್ದವಳು ಫ್ಲಶ್ ಗುಂಡಿಯ ಕಡೆ ನೋಡಿದ್ದರಲ್ಲಿ ಆಶ್ಚರ್ಯವಿಲ್ಲ.

ಸಂಜೆಯ ಸಭೆಯಲ್ಲಿ ಸಲಹೆಗಳಿಗೆ ಬರವಿರಲಿಲ್ಲ. ಬಾಗಿಲ ಬಳಿ ಒಂದು ಪುಸ್ತಕ ಇಡೋಣ, ಒಳಗೆ ಹೋಗುವವರು ಸಹಿ ಮಾಡಲಿ ಎಂದರು ಒಬ್ಬರು. ಒಳಗೆ ಹೋಗುವ ದಾರಿಗೆ ಮುಖಮಾಡಿ ಕ್ಯಾಮೆರಾ ಹಾಕಿಸೋಣ ಎಂದರು ವ್ಯವಸ್ಥಾಪಕರು. 'ನಿಮ್ಮ ಮನೆಯಂತೆ ಬಳಸಿ' ಎಂಬ ಫಲಕ ದೊಡ್ಡದಾಗಿ ಬರಲಿ ಎಂದರು ಮತ್ತೊಬ್ಬರು. ಆ ಫಲಕ ಚಿಕ್ಕದಾಗಿ ಮೊದಲಿನಿಂದಲೂ ಗೋಡೆಯ ಮೇಲಿದೆ. ಓದಿದವರೆಲ್ಲರೂ ಅದು ಬೇರೆಯವರಿಗೆ ಬರೆದದ್ದು ಎಂದುಕೊಂಡಿದ್ದಾರೆ.

ಪೆರಿಸ್ಕೋಪಿನ ಕಥೆಯನ್ನು ಆಗ ಹೇಳಿದೆ. ಬಾಗಿಲು ಹಾಕಿಕೊಂಡರೆ ನಾನು ಯಾರೆಂದು ಯಾರಿಗೂ ತಿಳಿಯುವುದಿಲ್ಲ ಎಂಬ ನಂಬಿಕೆಯಿಂದಲೇ ಜನ ಅಲ್ಲಿ ನಿರಾಳವಾಗಿರುತ್ತಾರೆ, ಅದೇ ನಂಬಿಕೆಯಿಂದ ಕೊಳಕು ಮಾಡಿಯೂ ಹೋಗುತ್ತಾರೆ. ಎರಡನೆಯದನ್ನು ತಡೆಯಲು ಮೊದಲನೆಯದನ್ನು ಕಿತ್ತುಕೊಂಡರೆ ಇನ್ನಷ್ಟು ಜನ ಕೆಳಗಿನ ಮಹಡಿಗೆ ಹೋಗುತ್ತಾರೆ, ಅಲ್ಲಿಯ ಕೊಳವೆ ಕಟ್ಟಿಕೊಳ್ಳುತ್ತದೆ. ಸಹಿ ಪುಸ್ತಕದ ಬದಲು ಕೋಣೆಗೊಂದು ಮುಚ್ಚಳದ ಬುಟ್ಟಿ ಕೊಡಿಸಿ ಎಂದೆ. ಪುರುಷ ಸಹೋದ್ಯೋಗಿಯೊಬ್ಬರು ತಟ್ಟನೆ, "ನಮಗೂ ಒಂದು ಬ್ರಷ್ ಬೇಕು" ಎಂದವರು, ತಕ್ಷಣ "ನನಗಲ್ಲ, ಎಲ್ಲರಿಗೂ" ಎಂದು ತಿದ್ದಿಕೊಂಡರು.

ಹಾಗೆ ಒಂದು ಪಟ್ಟಿ ತಯಾರಾಯಿತು. ಕೋಣೆಗೊಂದು ಬುಟ್ಟಿ, ಬ್ರಷ್, ಬ್ಯಾಗ್ ನೇತುಹಾಕಲು ಬಾಗಿಲಿಗೆ ಕೊಕ್ಕೆ, ಕೈಗೆ ಎಟಕುವಲ್ಲಿ ಇನ್ನೊಂದು ಪೇಪರ್ ಸುರುಳಿ, ಹೊರಗೆ ನೆಲದ ನೀರು ತಳ್ಳುವ ವೈಪರ್. ಒಂದು ಬೇಡಿಕೆಯನ್ನು ಮಾತ್ರ ನಾನು ಒಪ್ಪಲಿಲ್ಲ. ಫೋನ್ ಇಡಲು ಕಮೋಡಿನ ಮೇಲೊಂದು ಹಲಗೆ ಬೇಕೆಂದಿದ್ದರು. ಕೊಲೊರಾಡೊ ವಿಶ್ವವಿದ್ಯಾಲಯದ ಎಂಜಿನಿಯರುಗಳು ಮುಚ್ಚಳವಿಲ್ಲದ ಕಮೋಡಿನ ಮೇಲೆ ಹಸಿರು ಲೇಸರ್ ಹಾಯಿಸಿ, ಫ್ಲಶ್ ಮಾಡಿದ 8 ಸೆಕೆಂಡಿನೊಳಗೆ ಸೂಕ್ಷ್ಮ ಹನಿಗಳು 1.5 ಮೀಟರ್ ಎತ್ತರಕ್ಕೆ ಚಿಮ್ಮುವುದನ್ನು 2022ರಲ್ಲಿ ತೋರಿಸಿದ್ದಾರೆ. ಆ ಹಲಗೆಯ ಮೇಲಿಟ್ಟ ಫೋನನ್ನು ಆಮೇಲೆ ಕಿವಿಗೆ ಹಿಡಿಯುವವರು ನಾವೇ. ಮುಚ್ಚಳ ಹಾಕಿ ಫ್ಲಶ್ ಮಾಡಿದರೆ ದೊಡ್ಡ ಹನಿಗಳಾದರೂ ಕಡಿಮೆಯಾಗುತ್ತವೆ, ಹಲಗೆ ಮಾತ್ರ ಬೇಸಿನ್ ಹತ್ತಿರ ಇರಲಿ ಎಂದೆ.

ಆಮೇಲೆ ಮಹಿಳೆಯರ ಕಡೆಯಿಂದ ದೂರು ಬಂದಿಲ್ಲ. ಒಂದು ದಿನ ಪುರುಷರ ಕಡೆ ಕಟ್ಟಿಕೊಂಡಿತು. ಅದೇ ಪ್ಲಂಬರ್, ಅದೇ ತಂತಿ. ಈ ಬಾರಿ ಬಾಗಿನಿಂದ ಮೇಲೆ ಬಂದದ್ದು ನಮ್ಮದೇ ಕಚೇರಿಯ ಗುರುತಿನ ಚೀಟಿ, ಭಾವಚಿತ್ರ, ಹೆಸರು ಎಲ್ಲ ಸಮೇತ. ಬಗ್ಗಿದಾಗ ಕೊರಳಿನಿಂದ ಜಾರಿರಬೇಕು. ಅಕ್ಕ ಅದನ್ನು ಕವರಿನಲ್ಲಿ ಸುತ್ತಿ ನನಗೆ ಕೊಟ್ಟರು. ಹೊಸ ಚೀಟಿಗಾಗಿ ಆ ಹೆಸರಿನವರ ಅರ್ಜಿ ಆಗಲೇ ನನ್ನ ಮೇಜಿನ ಮೇಲಿತ್ತು. ಕಾರಣದ ಜಾಗದಲ್ಲಿ 'ಕಳೆದುಹೋಗಿದೆ' ಎಂದು ಬರೆದಿದ್ದರು. ಮಂಜೂರು ಮಾಡಿದೆ.